ಬುಕ್ ಮಾಡಿ ಹೊರಡುವುದೋ, ಹೊರಟ ಮೇಲೆ ನೋಡಿಕೊಳ್ಳುವುದೋ? ಪದೇ ಪದೇ ಕೇಳುವ ಪ್ರಶ್ನೆಗಳು

ಎಡವಟ್ಟುಗಳು ಹೆಚ್ಚಾಗಿ ಆಗುವುದು ದೇಶದ ಗಡಿ ದಾಟುವ ಪ್ರವಾಸಗಳಲ್ಲಿ. ಹಾಗಾಗಿ ಇಲ್ಲಿ ಅವಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇವೆ. ವೀಸಾ, ಲಸಿಕೆ, ಟಿಕೆಟ್ ನಿಯಮಗಳು ಆಗಾಗ ಬದಲಾಗುತ್ತವೆ. ದುಡ್ಡು ಕಟ್ಟುವ ಮುನ್ನ ಆಯಾ ಅಧಿಕೃತ ತಾಣದಲ್ಲಿ ಒಮ್ಮೆ ನೋಡಿಕೊಳ್ಳಿ.

ಎಲ್ಲವನ್ನೂ ಮೊದಲೇ ಗೊತ್ತುಮಾಡಿಕೊಂಡು ಹೋಗುವುದು ಒಳ್ಳೆಯದೋ, ಮನಸ್ಸು ಬಂದಾಗ ಹೊರಟುಬಿಡುವುದೋ?

ಇಡೀ ಪ್ರವಾಸಕ್ಕೆ ಒಟ್ಟಾಗಿ ಈ ಪ್ರಶ್ನೆ ಕೇಳಿದರೆ ಉತ್ತರ ಸಿಗುವುದಿಲ್ಲ. ಒಂದೊಂದು ಭಾಗಕ್ಕೆ ಬಿಡಿಬಿಡಿಯಾಗಿ ಕೇಳಿ ನೋಡಿ. ವೀಸಾ, ವಿಮಾನ, ಮೊದಲ ರಾತ್ರಿಯ ರೂಮು, ಮೂರನೇ ದಿನದ ಮ್ಯೂಸಿಯಂ, ಐದನೇ ದಿನದ ಮಧ್ಯಾಹ್ನ, ಹೀಗೆ. ಪ್ರತಿಯೊಂದಕ್ಕೂ ಮೂರು ಪರೀಕ್ಷೆ: ತಡಮಾಡಿದರೆ ಮುಗಿದುಹೋಗುತ್ತದೆಯೇ? ತಡಮಾಡಿದರೆ ರೇಟು ಏರುತ್ತದೆಯೇ? ಈಗಲೇ ಬುಕ್ ಮಾಡಿ ಆಮೇಲೆ ಮನಸ್ಸು ಬದಲಾದರೆ ದುಡ್ಡು ವಾಪಸ್ ಬರುತ್ತದೆಯೇ?

ಮುಗಿದುಹೋಗುವಂಥದ್ದಾದರೆ ಈಗಲೇ ಮಾಡಿ. ಮುಗಿಯುವುದೂ ಇಲ್ಲ, ರೇಟೂ ಏರುವುದಿಲ್ಲ ಎಂದಾದರೆ ಅದರ ತಂಟೆಗೇ ಹೋಗಬೇಡಿ. ರೇಟು ಏರುತ್ತದೆ, ಆದರೆ ರದ್ದು ಮಾಡಿದರೆ ಬಿಡಿಗಾಸೂ ಬರುವುದಿಲ್ಲ ಎನ್ನುವಲ್ಲಿ ಮಾತ್ರ ಲೆಕ್ಕ ಹಾಕಬೇಕು. ಹತ್ತು ದಿನದ ಪ್ರವಾಸವನ್ನು ಹೀಗೆ ಸೋಸಿದರೆ ಗಟ್ಟಿಮಾಡಬೇಕಾದ್ದು ಐದಾರು ಸಂಗತಿಗಳಿಗಿಂತ ಹೆಚ್ಚಿರುವುದಿಲ್ಲ. ಮಿಕ್ಕದ್ದೆಲ್ಲ ಸಡಿಲವಾಗಿಯೇ ಇರಲಿ. ಕೆಳಗಿನ ಉತ್ತರಗಳೆಲ್ಲ ಈ ಸೋಸುವ ಕೆಲಸದ ಬಗ್ಗೆಯೇ.

ಏನೇ ಆದರೂ ಮುಂಚೆಯೇ ಮಾಡಲೇಬೇಕಾದ್ದು ಯಾವುದು?

ಸರಕಾರ ಮತ್ತು ವೈದ್ಯರ ಕೈಯಲ್ಲಿರುವುದೆಲ್ಲ. ಇಲ್ಲಿ ದುಡ್ಡು ಚೆಲ್ಲಿದರೂ ಕಾಲ ಓಡುವುದಿಲ್ಲ.

ಮೊದಲು ಪಾಸ್‌ಪೋರ್ಟ್. ಅವಧಿ ಮುಗಿಯುವ ದಿನವನ್ನು ಎಲ್ಲರೂ ನೋಡುತ್ತಾರೆ, ಆದರೆ ಹಲವು ದೇಶಗಳು ಪ್ರವಾಸದ ದಿನಗಳಿಗೂ ಮುಂದೆ ಆರು ತಿಂಗಳ ಬಾಳಿಕೆ ಕೇಳುತ್ತವೆ ಎಂಬುದು ಕೌಂಟರಿನ ಮುಂದೆ ನಿಂತಾಗಲೇ ಗೊತ್ತಾಗುವುದು. ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ಷೆಂಗೆನ್ ದೇಶಗಳ ಲೆಕ್ಕ ಬೇರೆ: ಅಲ್ಲಿಂದ ಹೊರಡುವ ದಿನದ ನಂತರ ಕನಿಷ್ಠ 3 ತಿಂಗಳು ಬಾಳಿಕೆ ಇರಬೇಕು, ಪಾಸ್‌ಪೋರ್ಟ್ ಕಳೆದ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು. ಖಾಲಿ ಪುಟ ಎರಡಾದರೂ ಇರಲಿ.

ವೀಸಾ ಬೇಕಾದವರಿಗೆ ಷೆಂಗೆನ್ ಅರ್ಜಿಯ ಕಿಟಕಿ ತೆರೆಯುವುದು ಪ್ರಯಾಣಕ್ಕೆ 6 ತಿಂಗಳು ಮುಂಚೆ, ಮುಚ್ಚುವುದು 15 ದಿನ ಮುಂಚೆ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ. ಹೆಚ್ಚಿನ ಪರಿಶೀಲನೆ ಬೇಕೆನಿಸಿದರೆ 45 ದಿನದವರೆಗೂ ಎಳೆಯಬಹುದು. ಆದರೆ ನಿಜವಾದ ತಡೆ ಅರ್ಜಿಯಲ್ಲಿರುವುದಿಲ್ಲ, ಅರ್ಜಿ ಕೊಡಲು ಸಿಗುವ ಅಪಾಯಿಂಟ್‌ಮೆಂಟಿನಲ್ಲಿರುತ್ತದೆ. ರಜೆಯ ತಿಂಗಳುಗಳಿಗೆ ಅದೇ ವಾರಗಟ್ಟಲೆ ಮುಂದಕ್ಕೆ ಹೋಗುತ್ತದೆ. ಅರ್ಜಿಯ ಜೊತೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆಯೂ ಬೇಕು.

ಲಸಿಕೆ: ಹಳದಿ ಜ್ವರದ ಪ್ರಮಾಣಪತ್ರ ಕೇಳುವ ದೇಶಗಳಿಗೆ ಹೊರಟರೆ, ಚುಚ್ಚಿಸಿಕೊಂಡ 10 ದಿನದ ನಂತರವೇ ಆ ಪತ್ರಕ್ಕೆ ಬೆಲೆ. ನಾಳೆ ವಿಮಾನ, ಇವತ್ತು ಇಂಜೆಕ್ಷನ್ ಎಂದರೆ ನಡೆಯುವುದಿಲ್ಲ. ಸಮಾಧಾನದ ಸಂಗತಿ ಎಂದರೆ 2016ರ ಜುಲೈ 11ರಿಂದ ಆ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ. ಆಗಾಗ ದಿಢೀರ್ ಹೊರಡುವ ಸ್ವಭಾವದವರು ಊರಲ್ಲಿದ್ದಾಗಲೇ ಒಮ್ಮೆ ಹಾಕಿಸಿಕೊಂಡು ಮರೆತುಬಿಡಬಹುದು. ಮಲೇರಿಯಾ ಮಾತ್ರೆಗಳಲ್ಲೂ ವ್ಯತ್ಯಾಸವಿದೆ. ಅಟೊವಾಕ್ವೋನ್-ಪ್ರೊಗ್ವಾನಿಲ್ ಆದರೆ ಹೊರಡುವ ಒಂದೆರಡು ದಿನ ಮುಂಚೆ ಶುರುಮಾಡಿದರೆ ಸಾಕು, ಮೆಫ್ಲೋಕ್ವಿನ್‌ಗೆ ಕನಿಷ್ಠ 2 ವಾರ ಬೇಕು. ಯಾವುದೆಂದು ಹೇಳಬೇಕಾದವರು ವೈದ್ಯರು. ಅವರನ್ನು 4ರಿಂದ 6 ವಾರ ಮುಂಚೆ ನೋಡಿದರೆ ಆಯ್ಕೆಗಳು ಉಳಿದಿರುತ್ತವೆ.

ಹೊರದೇಶದಲ್ಲಿ ಕಾರು ಓಡಿಸುವ ಯೋಚನೆಯಿದ್ದರೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ನಿಮಗೆ ಲೈಸೆನ್ಸ್ ಕೊಟ್ಟ ದೇಶದಲ್ಲೇ ಮಾಡಿಸಿಕೊಳ್ಳಬೇಕು. ಯಾವ ಒಪ್ಪಂದದ ಪ್ರಕಾರ ಕೊಟ್ಟದ್ದು ಎಂಬುದನ್ನೂ ನೋಡಿ. ಜಪಾನ್ 1949ರ ಒಪ್ಪಂದದ ಪರವಾನಗಿಯನ್ನು ಮಾತ್ರ ಒಪ್ಪುತ್ತದೆ, 1968ರದ್ದನ್ನು ಒಪ್ಪುವುದಿಲ್ಲ.

ಕೊನೆಗಳಿಗೆಯಲ್ಲಿ ವಿಮಾನದ ಟಿಕೆಟ್ ಅಗ್ಗವಾಗುತ್ತದೆ ಅನ್ನುತ್ತಾರಲ್ಲ?

ಬಹುಮಟ್ಟಿಗೆ ಇಲ್ಲ. ಒಂದೇ ಸಾಲಿನ ಸೀಟುಗಳನ್ನೂ ಏರ್‌ಲೈನ್‌ಗಳು ಹತ್ತಾರು ದರದ ಗುಂಪುಗಳಾಗಿ ಒಡೆದಿರುತ್ತವೆ. ಅಗ್ಗದ ಗುಂಪಿನಲ್ಲಿ ಕೆಲವೇ ಸೀಟು. ಅವು ಮುಗಿದರೆ ಮುಂದಿನ ಗುಂಪು. ಸಾಲದ್ದಕ್ಕೆ ಅಗ್ಗದ ಗುಂಪುಗಳಿಗೆ ‘ಇಷ್ಟು ದಿನ ಮುಂಚೆ ಕೊಳ್ಳಬೇಕು’ ಎಂಬ ಷರತ್ತು ಇರುವುದುಂಟು, ಸಾಮಾನ್ಯವಾಗಿ 21, 14, 7 ದಿನ. ಆ ಗಡುವು ದಾಟಿದ ಮರುದಿನ ರೇಟು ಮೆಟ್ಟಿಲೇರಿದ ಹಾಗೆ ಏರುವುದು ಅದಕ್ಕೇ. ಕೊನೆಯ ವಾರದಲ್ಲಿ ಕೊಳ್ಳುವವರು ಹೋಗಲೇಬೇಕಾದವರು, ಎಷ್ಟಾದರೂ ಕೊಡುತ್ತಾರೆ ಎಂಬ ಲೆಕ್ಕಾಚಾರ ಅದರ ಹಿಂದಿದೆ.

ಹಾಗೆಂದು ಟಿಕೆಟ್ ಮಾರಾಟ ತೆರೆದ ದಿನವೇ, ಅಂದರೆ ಸುಮಾರು 11 ತಿಂಗಳು ಮುಂಚೆಯೇ, ಕೊಂಡರೆ ಅಗ್ಗ ಎಂದೇನೂ ಇಲ್ಲ. ಆಗ ಕಂಪನಿಗೂ ಬೇಡಿಕೆ ಎಷ್ಟೆಂದು ಗೊತ್ತಿರುವುದಿಲ್ಲ. ದಿನಾಂಕ ಗೊತ್ತಾದ ಕೂಡಲೇ ದರದ ಅಲರ್ಟ್ ಹಾಕಿಡಿ, ಎರಡು ಮೂರು ವಾರ ಏರಿಳಿತ ಗಮನಿಸಿ, ಕೆಳಮಟ್ಟ ಎಷ್ಟೆಂದು ಅಂದಾಜಾದ ಮೇಲೆ ಕೊಳ್ಳಿ. ಹಬ್ಬ ಹುಣ್ಣಿಮೆ, ಶಾಲೆಯ ರಜೆ ಇದ್ದರೆ ಮಾತ್ರ ಹೀಗೆ ಕಾಯಬೇಡಿ.

ನಾಲ್ಕೈದು ಜನ ಹೋಗುವಾಗ ಒಂದು ಸಣ್ಣ ಉಪಾಯ. ನಾಲ್ಕು ಸೀಟು ಒಟ್ಟಿಗೆ ಹುಡುಕಿದರೆ, ನಾಲ್ಕೂ ಸಿಗುವ ಗುಂಪಿನ ರೇಟನ್ನೇ ಎಲ್ಲರಿಗೂ ತೋರಿಸುತ್ತದೆ. ಅಗ್ಗದ ಗುಂಪಿನಲ್ಲಿ ಎರಡೇ ಸೀಟು ಉಳಿದಿದ್ದರೆ ಅವು ನಿಮಗೆ ಕಾಣುವುದೇ ಇಲ್ಲ. ಒಂದು, ಎರಡು ಎಂದು ಬಿಡಿಯಾಗಿ ಹುಡುಕಿ ನೋಡಿ. ಬೇರೆಬೇರೆ ಬುಕಿಂಗ್ ಮಾಡಿದರೆ ವಿಮಾನ ರದ್ದಾದಾಗ ಅರ್ಧ ಜನ ಒಂದು ವಿಮಾನಕ್ಕೆ, ಉಳಿದರ್ಧ ಇನ್ನೊಂದಕ್ಕೆ ಹೋಗಬೇಕಾಗಬಹುದು ಎಂಬುದೂ ತಲೆಯಲ್ಲಿರಲಿ. ಪುಟ್ಟ ಮಕ್ಕಳಿದ್ದರೆ ಈ ಉಪಾಯ ಬೇಡ.

ಅಗ್ಗದ ದರ ಕಂಡಿದೆ, ಆದರೆ ಮನೆಯವರ ಒಪ್ಪಿಗೆ ಇನ್ನೂ ಬಂದಿಲ್ಲವೇ? ಅಮೆರಿಕಕ್ಕೆ ಹೋಗಿಬರುವ, ಅಲ್ಲೇ ಓಡಾಡುವ ವಿಮಾನಗಳಿಗೆ ಅಲ್ಲಿನ ಸಾರಿಗೆ ಇಲಾಖೆಯ ನಿಯಮವೊಂದು ಅನುಕೂಲಕ್ಕೆ ಬರುತ್ತದೆ. ಪ್ರಯಾಣಕ್ಕೆ 7 ದಿನ ಅಥವಾ ಹೆಚ್ಚು ಮುಂಚೆ ಏರ್‌ಲೈನ್‌ನಿಂದ ನೇರವಾಗಿ ಕೊಂಡಿದ್ದರೆ, 24 ಗಂಟೆಯೊಳಗೆ ದಂಡವಿಲ್ಲದೆ ರದ್ದು ಮಾಡಲು, ಇಲ್ಲವೇ ದುಡ್ಡು ಕಟ್ಟದೆ 24 ಗಂಟೆ ಆ ದರವನ್ನು ಹಿಡಿದಿಡಲು ಕಂಪನಿ ಬಿಡಬೇಕು, ಎರಡರಲ್ಲಿ ಯಾವುದು ಎಂಬುದು ಅದರ ಆಯ್ಕೆ. ಏಜೆಂಟ್ ತಾಣಗಳಲ್ಲಿ ಕೊಂಡರೆ ಈ ನಿಯಮ ಅನ್ವಯಿಸುವುದಿಲ್ಲ.

ಹೋಟೆಲ್‌ಗೂ ಇದೇ ಲೆಕ್ಕವೇ?

ಅಲ್ಲ, ಸುಮಾರಿಗೆ ತಿರುಗುಮುರುಗು. ಇವತ್ತು ರಾತ್ರಿ ಖಾಲಿ ಉಳಿದ ರೂಮನ್ನು ನಾಳೆ ಮಾರಲಾಗುವುದಿಲ್ಲ. ಹಾಗಾಗಿ ಸಂಜೆಯಾಗುತ್ತಾ ರೇಟು ಇಳಿಸುವ ಹೋಟೆಲ್‌ಗಳಿವೆ. ಆದರೆ ಇದು ಹೋಟೆಲ್ ಜಾಸ್ತಿ ಇರುವ ದೊಡ್ಡ ಊರಿನಲ್ಲಿ, ಸೀಸನ್ ಅಲ್ಲದ ದಿನಗಳಲ್ಲಿ ಮಾತ್ರ. ನಾಲ್ಕೇ ಲಾಡ್ಜ್ ಇರುವ ದ್ವೀಪದಲ್ಲಿ, ಟ್ರೆಕಿಂಗ್ ದಾರಿಯ ವಸತಿಯಲ್ಲಿ, ಸಮ್ಮೇಳನವೋ ಪಂದ್ಯವೋ ನಡೆಯುವ ವಾರಾಂತ್ಯದಲ್ಲಿ ಇದನ್ನು ನೆಚ್ಚಿದರೆ ಬೆಂಚಿನ ಮೇಲೆ ಮಲಗಬೇಕಾದೀತು.

ಎಷ್ಟೇ ಸಡಿಲ ಪ್ರವಾಸವಾದರೂ ಮೊದಲ ರಾತ್ರಿ ಮತ್ತು ಕೊನೆಯ ರಾತ್ರಿಯ ರೂಮು ಗೊತ್ತಿರಲಿ. ಮೊದಲನೆಯದು ಏಕೆಂದರೆ ನಿದ್ದೆಗೆಟ್ಟು ಇಳಿದ ಮೇಲೆ ಚೌಕಾಸಿ ಮಾಡುವ ತ್ರಾಣ ಯಾರಿಗೂ ಇರುವುದಿಲ್ಲ, ಗಡಿಯ ಫಾರಂನಲ್ಲಿ ಉಳಿಯುವ ವಿಳಾಸವನ್ನೂ ಕೇಳುತ್ತಾರೆ. ಕೊನೆಯದು ವಿಮಾನ ನಿಲ್ದಾಣವಿರುವ ಊರಿನಲ್ಲೇ ಇರಬೇಕು. ಬೆಳಿಗ್ಗೆ ದ್ವೀಪದಿಂದ ದೋಣಿ ಹಿಡಿದು ಮಧ್ಯಾಹ್ನದ ವಿಮಾನ ಹತ್ತುವ ಯೋಜನೆ ಕಾಗದದ ಮೇಲೆ ಚೆನ್ನಾಗಿರುತ್ತದೆ, ಗಾಳಿ ಎದ್ದ ದಿನ ದೋಣಿ ಹೊರಡುವುದಿಲ್ಲ.

ನಡುವಿನ ರಾತ್ರಿಗಳಿಗೆ ಹೋಟೆಲ್‌ಗೆ ನೇರವಾಗಿ ಫೋನ್ ಮಾಡಿ ನೋಡಿ. ಬುಕಿಂಗ್ ತಾಣಗಳಿಗೆ ಕೊಡುವ ಕಮಿಷನ್ ಉಳಿಯುವುದರಿಂದ ರೇಟಿನಲ್ಲೋ ಬೆಳಗಿನ ತಿಂಡಿಯಲ್ಲೋ ಸ್ವಲ್ಪ ಬಿಟ್ಟುಕೊಡುವವರು ಇದ್ದಾರೆ.

‘ಫ್ರೀ ಕ್ಯಾನ್ಸಲೇಶನ್’ ಅಂತ ಇತ್ತು, ಆದರೂ ದುಡ್ಡು ಹೋಯಿತು. ಏಕೆ?

ಹೆಚ್ಚಾಗಿ ಗಡುವಿನ ಕಾರಣಕ್ಕೆ. ಆ ಗಡುವು ಹೋಟೆಲ್ ಇರುವ ಊರಿನ ಗಡಿಯಾರಕ್ಕೆ ಸೇರಿದ್ದು, ನಿಮ್ಮ ಗಡಿಯಾರಕ್ಕಲ್ಲ. ನಿಮಗಿಂತ ಪೂರ್ವದಲ್ಲಿರುವ ದೇಶವಾದರೆ ಅಲ್ಲಿ ದಿನ ಮುಂಚೆಯೇ ಮುಗಿದಿರುತ್ತದೆ. ಬುಕ್ ಮಾಡಿದ ತಕ್ಷಣ, ಗಡುವಿಗೆ ಎರಡು ದಿನ ಮುಂಚಿನ ಅಲಾರಂ ಫೋನಿನಲ್ಲಿ ಇಟ್ಟುಬಿಡಿ. ‘ಆಮೇಲೆ ಪಾವತಿಸಿ’ ಎಂಬುದು ‘ಉಚಿತವಾಗಿ ರದ್ದು ಮಾಡಿ’ ಎಂಬುದಲ್ಲ. ಕಾರ್ಡ್ ಸಂಖ್ಯೆ ಅವರ ಬಳಿ ಇರುತ್ತದೆ.

ಇನ್ನೊಂದು ಎಡವಟ್ಟು ಮಧ್ಯರಾತ್ರಿ ಇಳಿಯುವ ವಿಮಾನದ್ದು. 13ನೇ ತಾರೀಖು ಬೆಳಗಿನ ಜಾವ 1 ಗಂಟೆಗೆ ಇಳಿಯುವವರಿಗೆ ಬೇಕಾದ್ದು 12ರ ರಾತ್ರಿಯ ರೂಮು. 13 ಎಂದು ಬುಕ್ ಮಾಡಿದರೆ ಚೆಕ್-ಇನ್ ಮಧ್ಯಾಹ್ನಕ್ಕೆ. 12 ಎಂದೇ ಬುಕ್ ಮಾಡಿ, ತಡವಾಗಿ ಬರುವುದನ್ನು ಬರೆದು ತಿಳಿಸದಿದ್ದರೆ ‘ಗಿರಾಕಿ ಬರಲಿಲ್ಲ’ ಎಂದು ಇಡೀ ಬುಕಿಂಗನ್ನೇ ತೆಗೆದುಹಾಕುವ ಅಪಾಯವಿದೆ.

ಯಾವ ಜಾಗಗಳ ಟಿಕೆಟ್ ತಿಂಗಳುಗಟ್ಟಲೆ ಮುಂಚೆ ಬೇಕು?

ಜಾಗ ಚಿಕ್ಕದು, ನೋಡುವವರು ಲಕ್ಷಾಂತರ ಎಂಬಂಥವು. ಆಮ್‌ಸ್ಟರ್‌ಡ್ಯಾಮ್‌ನ ಆನ್ ಫ್ರಾಂಕ್ ಮನೆಗೆ ಆನ್‌ಲೈನ್ ಟಿಕೆಟ್ ಮಾತ್ರ, ಪ್ರತಿ ಮಂಗಳವಾರ ಆರು ವಾರ ಮುಂದಿನ ದಿನಗಳದ್ದು ಬಿಡುತ್ತಾರೆ. ಟೋಕಿಯೋ ಪಕ್ಕದಲ್ಲಿ ಆ್ಯನಿಮೇಶನ್ ಚಿತ್ರಗಳಿಗೆ ಮೀಸಲಾದ ಘಿಬ್ಲಿ ಮ್ಯೂಸಿಯಂ ಪ್ರತಿ ತಿಂಗಳ 10ರಂದು ಜಪಾನ್ ಸಮಯ ಬೆಳಿಗ್ಗೆ 10ಕ್ಕೆ ಮುಂದಿನ ತಿಂಗಳ ಟಿಕೆಟ್ ತೆರೆಯುತ್ತದೆ, ಬಾಗಿಲಲ್ಲಿ ಮಾರುವುದಿಲ್ಲ. ಮಿಲಾನ್‌ನಲ್ಲಿ ಲಿಯೊನಾರ್ಡೊನ ‘ಕೊನೆಯ ಭೋಜನ’ದ ಮುಂದೆ ಸಣ್ಣ ಗುಂಪಿಗೆ 15 ನಿಮಿಷ ಅಷ್ಟೇ. ಪೆರುವಿನಲ್ಲಿ ಮಾಚು ಪಿಚುವಿಗೆ ನಡೆದುಹೋಗುವ ಇಂಕಾ ಟ್ರೇಲ್‌ಗೆ ಗೈಡುಗಳು, ಹೊರೆ ಹೊರುವವರು ಎಲ್ಲ ಸೇರಿ ದಿನಕ್ಕೆ 500 ಜನ, ಫೆಬ್ರವರಿಯಲ್ಲಿ ದಾರಿ ಪೂರ್ತಿ ಬಂದ್. ರುವಾಂಡಾ, ಉಗಾಂಡಾಗಳಲ್ಲಿ ಒಂದು ಗೊರಿಲ್ಲಾ ಗುಂಪನ್ನು ದಿನಕ್ಕೆ ಗರಿಷ್ಠ 8 ಪ್ರವಾಸಿಗಳು ನೋಡಬಹುದು.

ಸ್ಪೇನಿನ ಗ್ರನಾಡಾದಲ್ಲಿರುವ ಅಲ್ಹಾಂಬ್ರಾ ಎಂಬ ಕೋಟೆ-ಅರಮನೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಟಿಕೆಟ್ ಇಡೀ ಆವರಣಕ್ಕೆ, ಆದರೆ ನಸ್ರಿದ್ ಅರಮನೆಗೆ ಅದರಲ್ಲೇ ಗಂಟೆ ನಮೂದಾಗಿರುತ್ತದೆ. ತೋಟದಲ್ಲಿ ಮೈಮರೆತು ಆ ಹೊತ್ತು ಮೀರಿದರೆ ಒಳಗೆ ಬಿಡುವುದಿಲ್ಲ. ಹೊತ್ತು ನಮೂದಾದ ಟಿಕೆಟ್ ಇರುವ ದಿನ ಅದೊಂದೇ ಮೊಳೆ, ಬೇರೆಲ್ಲವನ್ನೂ ಅದರ ಸುತ್ತ ನೇತುಹಾಕಿ.

ಟಿಕೆಟ್ ಮುಗಿದಿದ್ದರೆ? ಅಧಿಕೃತ ತಾಣವನ್ನೇ ದಿನಕ್ಕೆರಡು ಬಾರಿ ತೆರೆದು ನೋಡಿ, ರದ್ದಾದವು ವಾಪಸ್ ಬರುತ್ತಿರುತ್ತವೆ. ಗೈಡ್ ಜೊತೆಗಿನ ಪ್ರವೇಶಕ್ಕೆ ಬೇರೆ ಕೋಟಾ ಇರುವ ಜಾಗಗಳೂ ಇವೆ. ಬೀದಿಯಲ್ಲಿ ಮಾರುವವರಿಂದ ಮಾತ್ರ ಕೊಳ್ಳಬೇಡಿ. ಹೆಸರು ಮುದ್ರಿಸಿದ ಟಿಕೆಟನ್ನು ಪಾಸ್‌ಪೋರ್ಟ್ ಜೊತೆ ಹೋಲಿಸುತ್ತಾರೆ.

ರೈಲ್ ಪಾಸ್ ಕೊಂಡರೆ ಬೇಕೆಂದಾಗ ಬೇಕಾದ ರೈಲು ಹತ್ತಬಹುದಲ್ಲವೇ?

ಎಲ್ಲದಕ್ಕೂ ಅಲ್ಲ. ಯುರೋಪಿನ ಪಾಸ್‌ಗಳಲ್ಲಿ ಫ್ರಾನ್ಸಿನ ಟಿಜಿವಿ, ಯೂರೋಸ್ಟಾರ್ ಎಂಬ ವೇಗದ ರೈಲುಗಳಿಗೆ, ರಾತ್ರಿ ರೈಲುಗಳಿಗೆ ಪಾಸ್ ಇದ್ದರೂ ಸೀಟನ್ನು ಬೇರೆ ದುಡ್ಡು ಕೊಟ್ಟು ಕಾದಿರಿಸಬೇಕು, ಪಾಸ್‌ದಾರರ ಸೀಟುಗಳ ಕೋಟಾ ಚಿಕ್ಕದು. ಹತ್ತಿಳಿಯುವ ಸ್ವಾತಂತ್ರ್ಯ ನಿಜವಾಗಿ ಸಿಗುವುದು ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ನಂಥ ದೇಶಗಳಲ್ಲಿ. ಅಲ್ಲಿ ಬಹುಪಾಲು ರೈಲುಗಳಿಗೆ ಕಾಯ್ದಿರಿಸುವಿಕೆ ಕಡ್ಡಾಯವಲ್ಲ. ಮೊದಲು ಹೋಗಬೇಕಾದ ದಾರಿಗಳನ್ನು ಬರೆದು, ಬಿಡಿ ಟಿಕೆಟ್‌ಗಳ ಮೊತ್ತಕ್ಕೆ ಪಾಸಿನ ಬೆಲೆ ಹೋಲಿಸಿ ನೋಡಿ.

ವಾಪಸ್ ಟಿಕೆಟ್ ಇಲ್ಲದೆ ಹೊರಡಬಹುದೇ?

ನಿಮ್ಮನ್ನು ತಡೆಯುವುದು ಮೊದಲು ಗಡಿಯ ಅಧಿಕಾರಿಯಲ್ಲ, ಚೆಕ್-ಇನ್ ಕೌಂಟರಿನವರು. ಪ್ರವೇಶ ನಿರಾಕರಿಸಿದ ಪ್ರಯಾಣಿಕರನ್ನು ವಾಪಸ್ ಹೊತ್ತು ತರುವ ಹೊಣೆ ಏರ್‌ಲೈನ್ ಮೇಲೆ ಬೀಳುವುದರಿಂದ ಅವರು ಟಿಮ್ಯಾಟಿಕ್ ಎಂಬ ನಿಯಮಗಳ ದತ್ತಾಂಶವನ್ನು ನೋಡಿ, ಮುಂದಿನ ಟಿಕೆಟ್ ಕಡ್ಡಾಯವೆಂದು ಇದ್ದರೆ ಬೋರ್ಡಿಂಗ್ ಪಾಸ್ ಕೊಡುವುದಿಲ್ಲ. ಮುಂದಿನ ಟಿಕೆಟ್ ಎಂದರೆ ನಿಮ್ಮೂರಿಗೇ ಆಗಬೇಕಿಲ್ಲ. ಆ ದೇಶದಿಂದ ಹೊರಹೋಗುವ ಯಾವುದಾದರೂ ವಿಮಾನದ್ದಾದರೆ ಸಾಮಾನ್ಯವಾಗಿ ನಡೆಯುತ್ತದೆ. ಬಸ್ ಟಿಕೆಟ್ ಒಪ್ಪುವುದು ಬಿಡುವುದು ಕೌಂಟರಿನವರನ್ನು ಅವಲಂಬಿಸಿದೆ, ನೆಚ್ಚಿಕೊಳ್ಳಬೇಡಿ. ಪೂರ್ತಿ ದುಡ್ಡು ವಾಪಸ್ ಬರುವ ದರದಲ್ಲಿ ಒಂದು ಟಿಕೆಟ್ ಕೊಂಡು, ಒಳಹೊಕ್ಕ ಮೇಲೆ ಬೇಡವೆನಿಸಿದರೆ ರದ್ದು ಮಾಡುವುದು ನ್ಯಾಯಬದ್ಧ ದಾರಿ. ನಕಲಿ ಟಿಕೆಟ್ ಪ್ರಿಂಟ್ ಹಾಕಿಸುವ ಬುದ್ಧಿ ಮಾತ್ರ ಬೇಡ.

ಹೋಗಿಬರುವ ಟಿಕೆಟ್ ಇದ್ದವರಿಗೂ ಒಂದು ಮಾತು. ‘ನಾನು ಬೇರೆ ಊರಿಂದ ನೇರವಾಗಿ ಬಂದು ಎರಡನೇ ವಿಮಾನ ಹತ್ತುತ್ತೇನೆ’ ಎಂದು ಮೊದಲನೆಯದನ್ನು ಬಿಟ್ಟರೆ, ಆ ಟಿಕೆಟಿನಲ್ಲಿ ಉಳಿದ ವಿಮಾನಗಳೆಲ್ಲ, ವಾಪಸ್ ಪ್ರಯಾಣವೂ ಸೇರಿ, ತಾವಾಗಿ ರದ್ದಾಗುತ್ತವೆ. ಹಠಾತ್ತನೆ ದಾರಿ ಬದಲಿಸುವವರು ಹೆಚ್ಚು ದುಡ್ಡು ಕಳೆದುಕೊಳ್ಳುವ ಜಾಗಗಳಲ್ಲಿ ಇದೂ ಒಂದು. ನಡುವೆ ಹೇಗೆ ಸುತ್ತುತ್ತೇವೋ ಗೊತ್ತಿಲ್ಲ ಎನ್ನುವವರು ಒಂದು ಊರಲ್ಲಿ ಇಳಿದು ಇನ್ನೊಂದು ಊರಿಂದ ಹತ್ತುವ ಟಿಕೆಟ್ ಕೊಳ್ಳಲಿ. ರೇಟು ಬಹಳ ಸಲ ಸಾಮಾನ್ಯ ಹೋಗಿಬರುವ ಟಿಕೆಟಿನ ಆಸುಪಾಸಿನಲ್ಲೇ ಇರುತ್ತದೆ, ಬಂದ ದಾರಿಗೇ ಹಿಂದಿರುಗುವ ಒಂದು ದಿನವೂ ಉಳಿಯುತ್ತದೆ.

ದಿನಕ್ಕೆ ಎಷ್ಟು ಜಾಗ ಹಾಕಿಕೊಳ್ಳಬೇಕು?

ಗಟ್ಟಿಯಾದದ್ದು ಒಂದು. ಇನ್ನೊಂದು, ಆದರೆ ಆಯಿತು, ಇಲ್ಲದಿದ್ದರೆ ಇಲ್ಲ. ಮುಗಿಯಿತು.

ಕೆಲಸಕ್ಕೆ ಹಿಡಿಯುವ ಹೊತ್ತನ್ನು ಕಡಿಮೆ ಅಂದಾಜು ಮಾಡುವ ನಮ್ಮೆಲ್ಲರ ದೌರ್ಬಲ್ಯಕ್ಕೆ ಮನೋವಿಜ್ಞಾನಿಗಳಾದ ಕಾನಮನ್ ಮತ್ತು ಟ್ವೆರ್ಸ್ಕಿ 1979ರಲ್ಲೇ ‘ಪ್ಲಾನಿಂಗ್ ಫ್ಯಾಲಸಿ’ ಎಂದು ಹೆಸರಿಟ್ಟಿದ್ದಾರೆ. ನಕ್ಷೆಯಲ್ಲಿ 20 ನಿಮಿಷ ಎಂದು ತೋರುವ ದಾರಿಗೆ ರೂಮಿನಿಂದ ಇಳಿಯುವುದು, ಟಿಕೆಟ್ ಯಂತ್ರದ ಮುಂದೆ ತಡವರಿಸುವುದು, ತಪ್ಪು ಪ್ಲಾಟ್‌ಫಾರಂ, ಶೌಚಾಲಯ, ಭದ್ರತಾ ಸಾಲು ಎಲ್ಲ ಸೇರಿ 50 ನಿಮಿಷವಾಗುತ್ತದೆ. ನಕ್ಷೆ ಹೇಳುವ ಹೊತ್ತನ್ನು ಕನಿಷ್ಠ ಎರಡರಿಂದ ಗುಣಿಸಿ. ಊರು ಬದಲಿಸುವ ದಿನವನ್ನು ಅರ್ಧ ದಿನ ಎಂದೇ ಲೆಕ್ಕ ಹಿಡಿಯಿರಿ: ರೂಮು ಬಿಡುವುದು 11ಕ್ಕೆ, ಮುಂದಿನ ರೂಮು ಸಿಗುವುದು ಮಧ್ಯಾಹ್ನ 2 ಅಥವಾ 3ಕ್ಕೆ, ನಡುವೆ ಲಗೇಜಿನ ಭಾರ. ಒಂದೊಂದೇ ರಾತ್ರಿಯಂತೆ ಏಳು ಊರು ಹಾಕಿಕೊಂಡವರು ನೋಡುವುದು ಹೆಚ್ಚಾಗಿ ಏಳು ನಿಲ್ದಾಣಗಳನ್ನು. ಮೂರು ರಾತ್ರಿಗೊಂದು ಊರು ಎಂಬುದು ಹದವಾದ ಅಳತೆ.

ಗಂಟೆ ನಿಮಿಷ ಹಾಕಿ ವೇಳಾಪಟ್ಟಿ ಮಾಡಿದರೆ ವಿರಾಮವೂ ಕೆಲಸದ ಹಾಗೆ ಅನ್ನಿಸತೊಡಗುತ್ತದೆ ಎಂದು ಟೊನಿಯೆಟ್ಟೊ ಮತ್ತು ಮಲ್ಕೋಚ್ ಅವರ 2016ರ ಅಧ್ಯಯನಗಳು ತೋರಿಸಿವೆ. ‘3 ಗಂಟೆಗೆ’ ಎನ್ನುವ ಬದಲು ‘ಮಧ್ಯಾಹ್ನದ ಹೊತ್ತಿಗೆ’ ಎಂದು ಒರಟಾಗಿ ಗುರುತಿಸಿಕೊಂಡರೆ ಆ ಭಾರ ಬಹುಮಟ್ಟಿಗೆ ಇಳಿಯುತ್ತದೆ ಎಂಬುದೂ ಅವುಗಳಲ್ಲಿದೆ. ಪಟ್ಟಿ ಬರೆಯುವವರು ಬರೆಯಲಿ, ಗಂಟೆಯ ಅಂಕಣವೊಂದನ್ನು ಅಳಿಸಿಬಿಡಲಿ.

ಮುಂಚೆ ಯೋಜಿಸಿದರೆ ಪ್ರವಾಸದ ಮಜಾ ಹೋಗುವುದಿಲ್ಲವೇ?

ಮಜಾ ಮುಂಚೆಯೇ ಶುರುವಾಗುತ್ತದೆ, ಅಷ್ಟೇ. ನೆದರ್ಲೆಂಡ್ಸ್‌ನಲ್ಲಿ 1,530 ಜನರ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರಜೆಗೆ ಹೊರಡಲಿದ್ದವರು ಉಳಿದವರಿಗಿಂತ ಹೆಚ್ಚು ಖುಷಿಯಲ್ಲಿದ್ದರು. ಹಿಂದಿರುಗಿದ ಮೇಲೆ, ತುಂಬ ನಿರಾಳವಾಗಿ ರಜೆ ಕಳೆದವರನ್ನು ಬಿಟ್ಟರೆ, ಆ ವ್ಯತ್ಯಾಸ ಕಾಣಲಿಲ್ಲ. ದಿಢೀರ್ ಹೊರಡುವವರಿಗೆ ಈ ಎದುರು ನೋಡುವ ಸುಖ ತಪ್ಪುತ್ತದೆ.

ದಿಢೀರ್ ಹೊರಡುವವರಿಗೆ ತಯಾರಿಯೇ ಬೇಡವೇ?

ಅವರಿಗೇ ಹೆಚ್ಚು ಬೇಕು. ಯೋಜನೆ ಹಾಕಿದವರ ಬಳಿ ಯೋಜನೆ ಇದೆ. ಇವರ ಬಳಿ ಇರುವುದು ಸಾಮಾನು ಸರಂಜಾಮು ಮಾತ್ರ, ಅದು ಸರಿಯಾಗಿರಬೇಕು.

ಸದಾ ಸಿದ್ಧವಿರುವ ಒಂದು ಬ್ಯಾಗು ಇಡಿ, ಕ್ಯಾಬಿನ್‌ಗೆ ಸಲ್ಲುವಂಥದ್ದು. ಅನೇಕ ಏರ್‌ಲೈನ್‌ಗಳಲ್ಲಿ ಮಿತಿ 7 ಕೆಜಿ, ಹಾಗಾಗಿ ಖಾಲಿ ಬ್ಯಾಗೇ ಎರಡೂವರೆ ಕೆಜಿ ತೂಗಬಾರದು. ಚೆಕ್-ಇನ್ ಲಗೇಜು ಇಲ್ಲದವರು ಮಾತ್ರ ಬೇರೆ ವಿಮಾನಕ್ಕೆ ಸಲೀಸಾಗಿ ಜಿಗಿಯಬಲ್ಲರು. ದ್ರವಗಳು 100 ಮಿ.ಲೀ. ಮೀರದ ಬಾಟಲಿಗಳಲ್ಲಿ, ಎಲ್ಲ ಸೇರಿ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, 100 ವ್ಯಾಟ್-ಅವರ್ ಒಳಗೆ. 20,000 ಮಿಲಿಆಂಪ್-ಅವರ್‌ನದ್ದು 3.7 ವೋಲ್ಟಿನ ಲೆಕ್ಕದಲ್ಲಿ 74 ವ್ಯಾಟ್-ಅವರ್, ಅಡ್ಡಿಯಿಲ್ಲ. ದಿನವೂ ತೆಗೆದುಕೊಳ್ಳುವ ಮಾತ್ರೆಗಳು ಪ್ರವಾಸದ ದಿನಗಳಿಗಿಂತ ಒಂದು ವಾರ ಹೆಚ್ಚು, ಜೊತೆಗೆ ಔಷಧದ ಮೂಲಹೆಸರು ಬರೆದ ಚೀಟಿ.

ಫೋನಿನಲ್ಲಿ: ಹೋಗುವ ಪ್ರದೇಶದ ಆಫ್‌ಲೈನ್ ನಕ್ಷೆ, ಭಾಷೆಯ ಆಫ್‌ಲೈನ್ ಅನುವಾದದ ಕಡತ, ಪಾಸ್‌ಪೋರ್ಟ್ ಮತ್ತು ವೀಸಾದ ಚಿತ್ರ. ಇ-ಸಿಮ್ (ಕಾರ್ಡಿಲ್ಲದ, ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್) ಹಾಕಿಕೊಳ್ಳಲು ಇಂಟರ್ನೆಟ್ ಬೇಕು. ಇಳಿದ ಮೇಲೆ ಮಾಡುತ್ತೇನೆ ಎಂದರೆ ಇಂಟರ್ನೆಟ್ ಇಲ್ಲದೆ ಇಂಟರ್ನೆಟ್ ತರುವ ಕಥೆಯಾಗುತ್ತದೆ. ಹೊರಡುವ ಮುನ್ನವೇ ಹಾಕಿಡಿ.

ಕಾರ್ಡ್ ಎರಡು ಬೇಕು, ಬೇರೆಬೇರೆ ಜಾಲದವು, ಬೇರೆಬೇರೆ ಜೇಬಿನಲ್ಲಿ. ವಿದೇಶೀ ಬಳಕೆಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ತೆರೆದಿಡಿ. ತುಂಬ ಜನ ಮರೆಯುವುದು ಒಟಿಪಿಯನ್ನು: ಮನೆಯ ಸಿಮ್ ಮುಚ್ಚಿಟ್ಟರೆ ರೂಮು ಬುಕ್ ಮಾಡುವ ಹೊತ್ತಿಗೆ ಒಟಿಪಿ ಬರುವುದಿಲ್ಲ. ಕರೆ, ಡೇಟಾ ಬೇಡವೆಂದರೂ ಸಂದೇಶಕ್ಕಾದರೂ ರೋಮಿಂಗ್ ಇರಲಿ.

ಯಾವಾಗ ದಿಢೀರ್ ಪ್ರವಾಸ ಖಂಡಿತ ಕೈಕೊಡುತ್ತದೆ?

ಅಲ್ಲಿಯವರೂ ಪ್ರವಾಸ ಹೊರಟಾಗ. ಚೀನಾದ ಹೊಸವರ್ಷದ ಸುತ್ತಿನ 40 ದಿನಗಳ ಓಡಾಟ, ಜಪಾನಿನಲ್ಲಿ ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ಗೋಲ್ಡನ್ ವೀಕ್, ಇಟಲಿಯಲ್ಲಿ ಆಗಸ್ಟ್ 15ರ ಆಚೀಚೆ. ನಿಮ್ಮ ರಜೆಯ ಪಟ್ಟಿಯನ್ನಷ್ಟೇ ನೋಡಿದರೆ ಇದು ಗೊತ್ತಾಗುವುದಿಲ್ಲ. ಹೋಗುವ ದೇಶದ ಸಾರ್ವಜನಿಕ ರಜೆಗಳ ಪಟ್ಟಿ ತೆರೆದು ನೋಡಲು ಎರಡು ನಿಮಿಷ ಸಾಕು.

ಬೆಟ್ಟದ ಕಡೆಗಾದರೆ?

ಇಲ್ಲಿ ಯೋಜನೆ ಸಡಿಲವಾಗಿರುವುದು ಪ್ರಾಣ ಉಳಿಸುವ ಪ್ರಶ್ನೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ತಂಗಬೇಕು. ದಿನ ಎಣಿಸಿ ವಾಪಸ್ ವಿಮಾನ ಬುಕ್ ಮಾಡಿದವರೇ ಎತ್ತರದ ಕಾಯಿಲೆಯ ಲಕ್ಷಣಗಳಾದ ತಲೆನೋವು, ವಾಕರಿಕೆಯನ್ನು ಕಡೆಗಣಿಸಿ ಏರುತ್ತಾ ಹೋಗುವುದು. ಈ ಲೆಕ್ಕಕ್ಕೆ ಎರಡು ದಿನ ಹೆಚ್ಚು ಸೇರಿಸಿಯೇ ವಿಮಾನ ಗೊತ್ತುಮಾಡಿ. ಆ ಎರಡು ದಿನ ಉಳಿದರೆ ಪೇಟೆಯಲ್ಲಿ ಹಾಯಾಗಿ ಕಳೆಯಬಹುದು.

ನನಗೆ ಪಟ್ಟಿ ಬೇಕು, ಜೊತೆಗಾರರಿಗೆ ಪಟ್ಟಿ ಎಂದರೆ ಅಲರ್ಜಿ. ಏನು ಮಾಡುವುದು?

ಹೊರಡುವ ಮುನ್ನ ಎರಡೇ ವಿಷಯ ಮಾತಾಡಿ ಮುಗಿಸಿ: ಒಟ್ಟು ಖರ್ಚಿನ ಮಿತಿ ಎಷ್ಟು, ಪ್ರತಿಯೊಬ್ಬರಿಗೂ ‘ಇದು ತಪ್ಪಿದರೆ ಬೇಸರ’ ಎನ್ನುವುದು ಯಾವುದು. ತಲೆಗೊಂದರಂತೆ ಮಾತ್ರ. ಆಮೇಲೆ ದಿನಗಳನ್ನು ಹಂಚಿಕೊಳ್ಳಿ. ಒಬ್ಬರ ದಿನದಲ್ಲಿ ಇನ್ನೊಬ್ಬರು ಮೂಗು ತೂರಿಸುವಂತಿಲ್ಲ. ಅರ್ಧ ದಿನ ಬೇರೆಬೇರೆ ಸುತ್ತುವುದೂ ತಪ್ಪಲ್ಲ, ಸೇರುವ ಜಾಗ ಮತ್ತು ಹೊತ್ತು ಮಾತ್ರ ಫೋನ್ ಸತ್ತರೂ ನೆನಪಿರುವಂಥದ್ದಾಗಿರಲಿ. ಎಲ್ಲ ಬುಕಿಂಗೂ ಒಬ್ಬರ ಫೋನಿನಲ್ಲಿ ಇರುವುದು ಅತಿ ಸಾಮಾನ್ಯ ತಪ್ಪು. ಇಬ್ಬರಲ್ಲೂ ಇರಲಿ, ಒಂದು ಪ್ರತಿ ಕಾಗದದಲ್ಲಿ.

ಮಗುವಿನ ಜೊತೆ ತಂದೆ ಅಥವಾ ತಾಯಿ ಒಬ್ಬರೇ ಗಡಿ ದಾಟುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಕೇಳುವ ದೇಶಗಳಿವೆ. ಅದನ್ನು ಕೊನೆಗಳಿಗೆಯಲ್ಲಿ ಹೊಂದಿಸುವುದು ಕಷ್ಟ.

ವಿಮೆ ಯಾವಾಗ ಕೊಳ್ಳಬೇಕು?

ದುಡ್ಡು ವಾಪಸ್ ಬಾರದ ಮೊದಲ ಬುಕಿಂಗ್ ಮಾಡಿದ ದಿನವೇ. ಪ್ರವಾಸ ರದ್ದತಿಯ ರಕ್ಷಣೆ ಶುರುವಾಗುವುದು ಪಾಲಿಸಿ ಕೊಂಡ ಮೇಲೆ. ಹೊರಡುವ ಹಿಂದಿನ ದಿನ ಕೊಂಡರೆ ಅಷ್ಟು ತಿಂಗಳ ರಕ್ಷಣೆ ಸುಮ್ಮನೆ ಕಳೆದುಹೋಗಿರುತ್ತದೆ. ಚಂಡಮಾರುತಕ್ಕೆ ಹೆಸರಿಟ್ಟ ಮೇಲೆ, ಮುಷ್ಕರ ಘೋಷಣೆಯಾದ ಮೇಲೆ ಕೊಂಡರೆ ಅದು ‘ಗೊತ್ತಿದ್ದ ಘಟನೆ’, ಪರಿಹಾರವಿಲ್ಲ. ದಿಢೀರ್ ಹೊರಡುವವರಿಗೆ ರದ್ದತಿಯ ಭಾಗದಿಂದ ಪ್ರಯೋಜನ ಕಡಿಮೆ. ವೈದ್ಯಕೀಯ ಖರ್ಚು ಮತ್ತು ತುರ್ತು ಸಾಗಣೆಯ ಮೊತ್ತವನ್ನು ಮಾತ್ರ ಗಟ್ಟಿಯಾಗಿ ನೋಡಿಕೊಳ್ಳಿ. ಸ್ಕೂಟರ್, ಡೈವಿಂಗ್, ಎತ್ತರದ ಚಾರಣ ಸೇರಿದೆಯೇ ಎಂದು ಹೊರಗಿಟ್ಟ ವಿಷಯಗಳ ಪುಟವನ್ನು ಓದಿ. ಲೈಸೆನ್ಸ್ ಇಲ್ಲದೆ ಸ್ಕೂಟರ್ ಓಡಿಸಿ ಬಿದ್ದವರಿಗೆ ಕ್ಲೇಮ್ ಸಿಗುವುದಿಲ್ಲ.

ರಾತ್ರಿ ಊರು ತಲುಪಿದ್ದೇವೆ, ರೂಮಿಲ್ಲ. ಈಗ?

ಮೊದಲು ಬೆಳಕು, ಜನ, ಚಾರ್ಜಿಂಗ್ ಇರುವ ಜಾಗದಲ್ಲಿ ಕೂತುಕೊಳ್ಳಿ: ರೈಲು ನಿಲ್ದಾಣ, ವಿಮಾನ ನಿಲ್ದಾಣ, ದೊಡ್ಡ ಹೋಟೆಲಿನ ಲಾಬಿ. ತಾಣಗಳಲ್ಲಿ ‘ಭರ್ತಿ’ ಎಂದಿದ್ದರೂ ನಕ್ಷೆಯಲ್ಲಿ ಹತ್ತಿರದ ಹೋಟೆಲ್‌ಗಳ ನಂಬರು ತೆಗೆದು ಕರೆ ಮಾಡಿ. ಬಾರದ ಗಿರಾಕಿಗಳ ರೂಮು ರಾತ್ರಿ ತಡವಾಗಿ ಬಿಡುಗಡೆಯಾಗುತ್ತದೆ. ಸಿಗದಿದ್ದರೆ ಅದೇ ರೈಲು ದಾರಿಯಲ್ಲಿ ಅರ್ಧ ಗಂಟೆ ಆಚೆಯ, ಪ್ರವಾಸಿಗರಿಗೆ ಗೊತ್ತಿಲ್ಲದ ಊರನ್ನು ನೋಡಿ. ಅದೂ ಆಗದಿದ್ದರೆ ಮುಂದೆ ಹೋಗಬೇಕೆಂದಿದ್ದ ಕಡೆಗೆ ರಾತ್ರಿ ಬಸ್ ಹತ್ತಿದರೆ ರಾತ್ರಿಯೂ ಕಳೆಯಿತು, ದಾರಿಯೂ ಸವೆಯಿತು. ನಿಲ್ದಾಣದ ಬಾಗಿಲಲ್ಲಿ ‘ರೂಮು ಬೇಕಾ’ ಎಂದು ಬೆನ್ನು ಹತ್ತುವವರ ಹಿಂದೆ ಹೋಗುವುದು ಕಟ್ಟಕಡೆಯ ಆಯ್ಕೆ. ಹೋದರೂ ಲಗೇಜು ಇಳಿಸುವ ಮುನ್ನ ರೂಮು ನೋಡಿ, ರೇಟು ಬರೆಸಿಕೊಳ್ಳಿ.

ವಿಮಾನ ರದ್ದಾಗಿ ಇಡೀ ಯೋಜನೆ ಕುಸಿಯಿತು. ಎಲ್ಲಿಂದ ಶುರುಮಾಡಲಿ?

ಕೌಂಟರಿನ ಸಾಲಿನಲ್ಲಿ ನಿಂತೇ ಏರ್‌ಲೈನ್‌ಗೆ ಫೋನ್ ಮಾಡಿ, ಆ್ಯಪ್ ಕೂಡ ತೆರೆಯಿರಿ. ಮೂರರಲ್ಲಿ ಯಾವುದು ಮೊದಲು ಸಿಕ್ಕಿದರೆ ಅದು. ಬದಲಿ ವಿಮಾನಗಳನ್ನು ನೀವೇ ಹುಡುಕಿ ಸಂಖ್ಯೆಯೊಂದಿಗೆ ಹೇಳಿದರೆ ಕೆಲಸ ಬೇಗ ಆಗುತ್ತದೆ. ಟಿಕೆಟನ್ನು ನೀವಾಗಿಯೇ ರದ್ದು ಮಾಡಬೇಡಿ. ಕಂಪನಿ ರದ್ದು ಮಾಡಿದರೆ ಇರುವ ಹಕ್ಕು ನೀವು ರದ್ದು ಮಾಡಿದರೆ ಇರುವುದಿಲ್ಲ.

ಯುರೋಪಿಯನ್ ಒಕ್ಕೂಟದಿಂದ ಹೊರಡುವ ಯಾವುದೇ ವಿಮಾನಕ್ಕೆ, ಅಲ್ಲಿಗೆ ಬರುವ ಒಕ್ಕೂಟದ ಏರ್‌ಲೈನ್‌ಗಳಿಗೆ 261/2004 ನಿಯಮ ಅನ್ವಯಿಸುತ್ತದೆ. ಕಡೆಗಳಿಗೆಯಲ್ಲಿ ರದ್ದಾದರೆ, ಅಥವಾ ತಲುಪುವುದು 3 ಗಂಟೆ ಇಲ್ಲವೇ ಹೆಚ್ಚು ತಡವಾದರೆ ದೂರಕ್ಕೆ ತಕ್ಕಂತೆ 250ರಿಂದ 600 ಯೂರೋ. ಹವಾಮಾನದಂಥ ಕಾರಣಕ್ಕೆ ಆ ಮೊತ್ತ ಸಿಗದಿದ್ದರೂ ಊಟ, ರಾತ್ರಿ ತಂಗುವ ರೂಮು ಕೊಡಬೇಕಾದ್ದು ಏರ್‌ಲೈನ್ ಹೊಣೆ. ಅವರು ಕೊಡದಿದ್ದರೆ ಸಾಧಾರಣ ರೂಮು ಹಿಡಿದು ರಸೀದಿ ಇಟ್ಟುಕೊಳ್ಳಿ.

ಎರಡು ವಿಮಾನಗಳನ್ನು ಬೇರೆಬೇರೆ ಟಿಕೆಟಿನಲ್ಲಿ ಕೊಂಡು ಮೊದಲನೆಯದು ತಡವಾದರೆ ಎರಡನೇ ಏರ್‌ಲೈನ್ ನಿಮಗೆ ಏನೂ ಕೊಡಬೇಕಾಗಿಲ್ಲ. ಹಾಗೆ ಕೊಳ್ಳುವುದೇ ಆದರೆ ನಡುವೆ ಒಂದು ರಾತ್ರಿ ಬಿಡಿ.

ಬದಲಿ ವಿಮಾನ ಕೈಗೆ ಬಂದ ಮೇಲೆ ಮುಂದಿನ ಹೋಟೆಲ್, ಬಾಡಿಗೆ ಕಾರು, ಹೊತ್ತು ನಮೂದಾದ ಟಿಕೆಟ್, ಇದೇ ಕ್ರಮದಲ್ಲಿ ಒಂದೊಂದಕ್ಕೂ ತಡವಾಗುವುದನ್ನು ಬರೆದು ತಿಳಿಸಿ. ಕಾರಿನವರು ಸಾಮಾನ್ಯವಾಗಿ ಕೆಲವೇ ಗಂಟೆ ಕಾದು ಬೇರೆಯವರಿಗೆ ಕೊಟ್ಟುಬಿಡುತ್ತಾರೆ. ಬುಕ್ ಮಾಡುವಾಗಲೇ ವಿಮಾನದ ಸಂಖ್ಯೆ ಕೊಟ್ಟಿದ್ದರೆ ಕಾಯುವ ಸಂಭವ ಹೆಚ್ಚು.